ಅಂಗಾಲು ನೋಡಿದ ರಾಜಶ್ರೀ

ಈ ಜನ್ಮದಲ್ಲಿ ನನ್ನ ಬೆನ್ನನ್ನು ಮಣ್ಣಿಗೆ ಹಚ್ಚಿದವರು ಇಬ್ಬರೇ. ಒಬ್ಬ ಕೊಲ್ಹಾಪುರದ ಕಡೆಯ ಪೈಲ್ವಾನ. ಅವನು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಇನ್ನೊಬ್ಬಳು ರಾಜಶ್ರೀ. ಅವಳು ದಾಂಡೇಲಿಯಲ್ಲಿ ನನ್ನ ಮನೆಯಿಂದ ಮೂರನೆಯ ಬಾಗಿಲಲ್ಲಿದ್ದಾಳೆ. ನಳಕ್ಕೆ ನೀರು ಬಂದಾಗ ಓಣಿಯವರೆಲ್ಲರೊಡನೆ ಜಗಳ ಮಾಡುತ್ತಾಳೆ, ನನ್ನನ್ನು ಕಂಡರೆ ಈಗಲೂ "ಹೆಗಲಿನ ಎಲುಬು ಹೆಂಗ ಐತ್ರಿ ವಸ್ತಾದ?" ಎಂದು ಕೇಳುತ್ತಾಳೆ. ಆ ಎಲುಬು ಮುರಿದವಳೂ ಅವಳೇ.

ನಾನು ಈಶಪ್ಪ. ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದೆ. ಸಂಜೆ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ. ನನ್ನ ಕಥೆ ಹೇಳಲು ಕೂತಿಲ್ಲ, ಅವಳದನ್ನು ಹೇಳುತ್ತೇನೆ. ಆದರೆ ಅವಳ ಕಥೆಯಲ್ಲಿ ಕೆಟ್ಟ ಕೆಲಸ ಮಾಡಿದವನು ನಾನೇ ಆದ್ದರಿಂದ ನನ್ನನ್ನು ಬಿಟ್ಟು ಹೇಳಲು ಬರುವುದಿಲ್ಲ.

ರಾಜಶ್ರೀ ಹಳಿಯಾಳದ ಬದಿಯ ಒಕ್ಕಲು ಮನೆತನದವಳು. ಸಾಲಿಗೆ ಹೋಗುವ ವಯಸ್ಸಿನಲ್ಲಿ ಚಿಕ್ಕಪ್ಪನ ಮಗ ಇವಳ ಬುತ್ತಿಯ ಗಂಟು ಕಸಿದನಂತೆ. ಇವಳು ಅವನ ಕಾಲೆಳೆದು ಕೆಡವಿ, ಎದೆಯ ಮೇಲೆ ಕೂತು, ಬುತ್ತಿ ಪೂರ್ತಿ ಉಂಡು ಎದ್ದಳಂತೆ. ಅದನ್ನು ನೋಡಿದ ಮಾಸ್ತರರೊಬ್ಬರು ಹಳಿಯಾಳದ ಹುಡುಗಿಯರ ಕುಸ್ತಿ ತರಬೇತಿಗೆ ಸೇರಿಸಿದರು. ಎರಡು ಸಲ ರಾಜ್ಯಮಟ್ಟದ ಪದಕ ತಂದಳು. ತಿಕ್ಕಿ ತಿಕ್ಕಿ ಎಡಗಿವಿ ಮುದುಡಿ ಗಟ್ಟಿಯಾಗಿ ಹೋಯಿತು. ಕನ್ಯಾ ನೋಡಲು ಬಂದ ಹೊಳೆವ್ವ, ಅಂದರೆ ಈಗಿನ ಅತ್ತೆ, ಮೊದಲು ಕೇಳಿದ್ದೇ ಆ ಕಿವಿಯ ಬಗ್ಗೆ. "ಗೆದ್ದು ಬಂದದ್ದ್ರೀ" ಎಂದಳಂತೆ ಇವಳು.

ಮದುವೆಯಾದದ್ದು ನನ್ನ ಶಿಷ್ಯ ಸಿದ್ದಲಿಂಗನಿಗೆ. ಅವನು ಕಾರ್ಖಾನೆಯ ಕಟ್ಟಿಗೆ ಅಂಗಳದಲ್ಲಿ ಗುತ್ತಿಗೆ ಕೆಲಸಗಾರ. ನೀಲಗಿರಿ ದಿಮ್ಮಿಗಳನ್ನು ಹೆಗಲಿಗೆ ಹಾಕಿಕೊಂಡು ನಗುತ್ತ ನಡೆಯುವ ಆಳು. ಅಖಾಡದಲ್ಲಿ ಹುಲಿ, ಮನೆಯಲ್ಲಿ ಆಕಳು. ಇರುವೆ ಸಾಲು ಕಂಡರೆ ಸುತ್ತಿ ನಡೆಯುವವನು. ಮದುವೆಗೆ ಹೊಳೆವ್ವ ಒಂದು ಷರತ್ತು ಹಾಕಿದಳು: ಸೊಸೆ ಇನ್ನು ಮಣ್ಣು ಮುಟ್ಟಬಾರದು. ನಾನೂ ಅದಕ್ಕೆ ತಾಳ ಹಾಕಿದೆ. ನನ್ನ ಗರಡಿಯೊಳಗೆ ಮಾರುತಿಯ ಪಟವಿದೆ, ಹೆಣ್ಣು ಕಾಲಿಡುವಂತಿಲ್ಲ ಎಂಬುದು ನನ್ನ ಕಾಯ್ದೆ. ಅವಳು ಗಂಡನಿಗೆ ಹಾಲು ತಂದು ಹೊಸ್ತಿಲಾಚೆ ನಿಲ್ಲುತ್ತಿದ್ದಳು. ಅಲ್ಲಿಂದಲೇ "ಕಾಲು ಅಗಲ ಆಗ್ಯಾವ, ಕೂಡಸ್ರಿ!" ಎಂದು ಕೂಗುತ್ತಿದ್ದಳು. ಅವಳು ಹೇಳಿದ್ದು ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತಿತ್ತು; ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು.

ಕೊರೊನಾ ಮುಗಿದು ಕುಸ್ತಿಗಳು ಮತ್ತೆ ಶುರುವಾದ ವರ್ಷ. ಯುಗಾದಿಯ ಮರುದಿನ ಮುಂಡಗೋಡದ ಕಡೆ, ಸನವಳ್ಳಿ ದಾಟಿ ಒಳಗಿರುವ ಒಂದು ಹಳ್ಳಿಯಲ್ಲಿ ನಿಕಾಲಿ ಕುಸ್ತಿ ಇಟ್ಟಿದ್ದರು. ನಿಕಾಲಿ ಎಂದರೆ ಅಂಕವಿಲ್ಲ, ಗಡಿಯಾರವಿಲ್ಲ. ಒಬ್ಬನ ಎರಡೂ ಹೆಗಲು ಮಣ್ಣಿಗೆ ತಾಗಿದಾಗ ಮುಗಿಯಿತು, ಇಲ್ಲದಿದ್ದರೆ ಹೊತ್ತು ಮುಳುಗಲಿ, ನಡೆಯುತ್ತಲೇ ಇರಬೇಕು. ಸಿದ್ದಲಿಂಗನ ಜೋಡಿ ಬೆಳಗಾವಿ ಕಡೆಯ ಶರಣಬಸವ. ಪಂಚ, ಅಂದರೆ ತೀರ್ಪು ಹೇಳುವವನು, ನಾನು. ಶಿಷ್ಯನ ಕುಸ್ತಿಗೆ ಗುರುವೇ ಪಂಚನಾಗಬಾರದಿತ್ತು. ಆದರೆ "ಈಶಪ್ಪನ ಬಾಯಿಂದ ಸುಳ್ಳು ಬರೂದಿಲ್ಲ" ಎಂದು ಎರಡೂ ಕಡೆಯವರು ಹೊಗಳಿದರು. ಹೊಗಳಿದವರ ಮಾತಿಗೆ ಉಬ್ಬುವುದು ನನ್ನ ಹಳೆಯ ಜಡ್ಡು.

ಇಪ್ಪತ್ತು ನಿಮಿಷ ಇಬ್ಬರೂ ಗೂಳಿಗಳಂತೆ ತಲೆಗೆ ತಲೆ ಕೊಟ್ಟರು. ಶರಣಬಸವನ ಹುಬ್ಬು ಒಡೆದು ರಕ್ತ ಸಿದ್ದಲಿಂಗನ ಎದೆಯ ಮೇಲೆ ಹರಿಯಿತು. ಸಿದ್ದಲಿಂಗನ ಕಿರುಬೆರಳು ಅಡ್ಡ ತಿರುಗಿತ್ತು. ಅವನೇ ಅದನ್ನು ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಿಕೊಂಡ. ಜನ ಹುಚ್ಚೆದ್ದು ಶಿಳ್ಳೆ ಹೊಡೆಯುತ್ತಿದ್ದರು. ತಳ್ಳಾಡುತ್ತ ಅವರು ಅಖಾಡದ ಅಂಚಿಗೆ ಬಂದರು. ಅಂಚಿನಲ್ಲಿ ಮಣ್ಣು ಜಾರದಂತೆ ಕಲ್ಲು ಕೂಡಿಸಿದ್ದರು. "ನಡುವಕ್ಕ ಬರ್ರಿ" ಎಂದು ಕರೆಯುವುದು ಪಂಚನ ಕೆಲಸ. ನಾನು ಕರೆಯಲಿಲ್ಲ. ಕುಸ್ತಿಗೆ ಬಿಸಿ ಏರಿತ್ತು, ಕೆಡಿಸಲು ಮನಸ್ಸಾಗಲಿಲ್ಲ.

ಶರಣಬಸವ ಬಗ್ಗಿ, ಸಿದ್ದಲಿಂಗನ ತೋಳನ್ನು ಹೆಗಲ ಮೇಲೆ ಎಳೆದು, ಅಗಸ ಬಟ್ಟೆ ಒಗೆದಂತೆ ಒಗೆದ. ಕಲ್ಲಿಗೆ ತಲೆ ಬಡಿದ ಸದ್ದು ನನಗೆ ಕೇಳಿಸಿತು. ತೆಂಗಿನಕಾಯಿ ಒಡೆದ ಸದ್ದು. ಕೇಳಿಸಲಿಲ್ಲ ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ, ಅದು ಸುಳ್ಳು.

ಮಣ್ಣಿಗೆ ಬಿದ್ದ ಸಿದ್ದಲಿಂಗನ ಮೈ ಕಮಾನಿನಂತೆ ಮೇಲೆದ್ದಿತು. ನೆಲದ ಮೇಲೆ ತಲೆ, ಆ ತುದಿಗೆ ಕಾಲು, ನಡುವೆ ಮೈಯೆಲ್ಲ ಗಾಳಿಯಲ್ಲಿ. ಕುಸ್ತಿಯಲ್ಲಿ ಇದಕ್ಕೆ ಬ್ರಿಜ್ ಎನ್ನುತ್ತೇವೆ. ಸೋಲುವ ಪೈಲ್ವಾನ ಬೆನ್ನು ತಾಗದಿರಲೆಂದು ಮಾಡುವ ಕೊನೆಯ ಹೋರಾಟ ಅದು. ಜನ ಎದ್ದು ನಿಂತು ಕೂಗಿದರು: "ಶಾಬ್ಬಾಸ್ ಸಿದ್ಯಾ! ಬಿಡಬ್ಯಾಡ!" ಶರಣಬಸವ ಅವನ ಎದೆಯ ಮೇಲೆ ಬಿದ್ದು ತನ್ನ ತೂಕವನ್ನೆಲ್ಲ ಹಾಕಿ ಒತ್ತತೊಡಗಿದ. ನಾನು ಮಣ್ಣಿಗೆ ಕೆನ್ನೆ ಹಚ್ಚಿ ಬೆನ್ನಿನ ಕೆಳಗೆ ನೋಡಿದೆ. ಆಚೆ ಬದಿಯ ಬೆಳಕು ಕಂಡಿತು. ಬೆಳಕು ಕಂಡರೆ ಬೆನ್ನು ತಾಗಿಲ್ಲ. ಕೈ ಎತ್ತಿ ಕೂಗಿದೆ: "ಕುಸ್ತಿ ಚಾಲೂ ಐತಿ!"

ಹೆಂಗಸರ ಸಾಲಿನಿಂದ ಒಂದು ಚೀರಾಟ ಬಂತು. "ಅದು ಬ್ರಿಜ್ ಅಲ್ಲರೀ! ಅಂಗಾಲು ನೋಡ್ರಿ, ಅಂಗಾಲು!" ರಾಜಶ್ರೀ ಹಗ್ಗ ದಾಟಿ ಅಖಾಡದೊಳಗೆ ಓಡಿಬಂದಳು. ನಾನು ಅಡ್ಡ ಹೋದೆ. "ಹಿಂದ ಸರಿ. ಹೆಣ್ಮಕ್ಕಳು ಮಣ್ಣು ತುಳೀಬಾರ್ದು" ಎಂದೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಎರಡೂ ಕೈಯಿಂದ ಅವಳನ್ನು ತಳ್ಳಿದೆ, ಅವಳು ಕೂತುಬಿದ್ದಳು. ಎದ್ದವಳೇ ನನ್ನ ನಡುವಿಗೆ ಕೈ ಹಾಕಿದ್ದಷ್ಟು ಗೊತ್ತು. ಮರುಕ್ಷಣ ನನಗೆ ಆಕಾಶ ಕಂಡಿತು, ಹೆಗಲಿನ ಎಲುಬು ಲಟಕ್ಕೆಂದಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನನ್ನ ಮೀಸೆ, ಬಾಯಿ, ಕಣ್ಣು ಎಲ್ಲವೂ ಮಣ್ಣಾಯಿತು. ಅವಳು ಶರಣಬಸವನ ಜುಟ್ಟು ಹಿಡಿದು ಎಳೆದು ಗಂಡನ ಮೇಲಿನಿಂದ ಕಿತ್ತೊಗೆದಳು.

ಆಗ ಬಿದ್ದಲ್ಲಿಂದಲೇ ನೋಡಿದೆ. ಬ್ರಿಜ್ ಹಾಕಿದವನ ಅಂಗಾಲು ನೆಲವನ್ನು ಕಚ್ಚಿ ಹಿಡಿದಿರುತ್ತದೆ. ಸಿದ್ದಲಿಂಗನ ಹಿಮ್ಮಡಿಯ ತುದಿಯಷ್ಟೇ ಊರಿತ್ತು, ಅಂಗಾಲು ನೆಲಕ್ಕೆ ತಾಗಿರಲೇ ಇಲ್ಲ. ಬೆರಳುಗಳು ಕೆಳಕ್ಕೆ ಚೂಪಾಗಿ ಸೆಟೆದಿದ್ದವು, ಮುಷ್ಟಿ ಹೊರಕ್ಕೆ ತಿರುಚಿಕೊಂಡಿತ್ತು, ಬಾಯಿಯಿಂದ ಕೆಂಪು ನೊರೆ. ಮಿದುಳಿಗೆ ಪೆಟ್ಟು ಬಿದ್ದು ಮೈ ಸೆಟೆದದ್ದು ಅದು. ಒಂದೂವರೆ ನಿಮಿಷ ನಾವೆಲ್ಲ ಅದನ್ನು ಪೌರುಷ ಎಂದುಕೊಂಡು ಚಪ್ಪಾಳೆ ತಟ್ಟಿದ್ದೆವು.

ತಡಸ ದಾಟಿ ಹುಬ್ಬಳ್ಳಿ ಮುಟ್ಟುವವರೆಗೆ ಆಂಬುಲೆನ್ಸಿನಲ್ಲಿ ಅವಳು ಅವನ ತಲೆಯನ್ನು ತೊಡೆಗಳ ನಡುವೆ ಅಲುಗದಂತೆ ಹಿಡಿದಿದ್ದಳು. ವೈದ್ಯರು ತಲೆಬುರುಡೆಯ ಎಡಭಾಗದಿಂದ ಅಂಗೈ ಅಗಲದ ತುಂಡು ತೆಗೆದರು. ಒಳಗೆ ಹೆಪ್ಪುಗಟ್ಟಿದ ರಕ್ತ ತೆಗೆದು, ಬಾವು ಇಳಿಯುವವರೆಗೆ ಆ ಎಲುಬನ್ನು ಅವನ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದರು. ತಲೆಯ ಪಟ್ಟಿಯ ಮೇಲೆ ನರ್ಸ್ ಪೆನ್ನಿನಿಂದ "ಇಲ್ಲಿ ಎಲುಬು ಇಲ್ಲ" ಎಂದು ಬರೆದಳು, ಯಾರೂ ಆ ಬದಿ ಒತ್ತದಿರಲೆಂದು.

ಹತ್ತೊಂಬತ್ತು ದಿನ ಅವನಿಗೆ ಎಚ್ಚರವಿರಲಿಲ್ಲ. ಹೊಳೆವ್ವ ಉಳವಿ ಚನ್ನಬಸವಣ್ಣನಿಗೆ ಹರಕೆ ಹೊತ್ತು ಹೊರಗೆ ಕೂತಳು. ನಾನು ಕೊರಳಿಗೆ ಕಟ್ಟಿದ ಪಟ್ಟಿಯ ಜೋಳಿಗೆಗೆ ಕೈ ಹಾಕಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಕಾರಿಡಾರಿನಲ್ಲಿ ನಿಲ್ಲುತ್ತಿದ್ದೆ. ರಾಜಶ್ರೀ ನನ್ನೊಡನೆ ಮಾತಾಡಲಿಲ್ಲ. ಹನ್ನೆರಡನೆಯ ದಿನ ಅವಳಾಗಿಯೇ ಬಂದು, "ನಿಮಗ ಬೈಯಾಕೂ ನನ್ನ ಹಂತ್ಯಾಕ ಉಸಿರಿಲ್ಲ. ಚಾ ತಂದು ಕೊಡ್ರಿ" ಎಂದಳು. ಆ ಚಹಾ ತರಲು ಹೋಗುವಾಗ ನಾನು ಅತ್ತೆ. ಅರವತ್ತೈದರ ಮುದುಕ, ಮೀಸೆಗೆ ಕಣ್ಣೀರು ಹತ್ತಿಸಿಕೊಂಡು ಮೆಟ್ಟಿಲಿಳಿದೆ.

ಇಪ್ಪತ್ತನೆಯ ದಿನ ಸಿದ್ದಲಿಂಗ ಕಣ್ಣು ಬಿಟ್ಟ ಎಂದು ಎಲ್ಲರೂ ಪೇಢೆ ಹಂಚಲು ಹೊರಟರು. ಯಾರೂ ನಮಗೆ ಹೇಳಿರದ ಸಂಗತಿ ಆಮೇಲೆ ತಿಳಿಯಿತು: ಇಂಥ ನಿದ್ದೆಯಿಂದ ಏಳುವವನು ಮುಗುಳ್ನಕ್ಕು "ನಾನೆಲ್ಲಿದ್ದೇನೆ" ಎನ್ನುವುದಿಲ್ಲ. ಸಿದ್ದಲಿಂಗ ಎದ್ದದ್ದು ಬೋನಿನಿಂದ ಬಿಟ್ಟ ಪ್ರಾಣಿಯಂತೆ. ಮೂಗಿನ ನಳಿಕೆ ಕಿತ್ತ. ನರ್ಸಿನ ಮಣಿಕಟ್ಟು ತಿರುವಿದ. ವಾರ್ಡಿನವನೊಬ್ಬನ ತೋಳು ಕಚ್ಚಿ ಮಾಂಸ ಹೊರಗೆ ತಂದ. ಬಾಯಲ್ಲಿ ಮಾತಿಲ್ಲ, ಬರೀ ಗುರುಗುಟ್ಟುವುದು. ಅನ್ನ ತಿನ್ನಿಸಲು ಹೋದ ರಾಜಶ್ರೀಯ ಮುಖಕ್ಕೆ ಹಣೆಯಿಂದ ಗುದ್ದಿದ. ಅವಳ ಮುಂದಿನ ಹಲ್ಲು ಅರ್ಧ ಮುರಿದು ಅದೇ ಅನ್ನದ ತಾಟಿನಲ್ಲಿ ಬಿತ್ತು. "ಮಿದುಳು ಎಚ್ಚರಾಗುವ ಹಂತ ಇದು. ಬಹಳ ಜನರಿಗೆ ಕಳೆಯುತ್ತದೆ, ಕೆಲವರಿಗೆ ಇಲ್ಲ. ಹೆದರಿಸಬೇಡಿ, ಹೊಡೆಯಬೇಡಿ, ಪೆಟ್ಟಾಗದಂತೆ ಹಿಡಿಯಿರಿ" ಎಂದರು ವೈದ್ಯರು.

ಆರು ವಾರದ ಮೇಲೆ ದಾಂಡೇಲಿಗೆ ತಂದೆವು. ಸಂಜೆ ನಾಲ್ಕಕ್ಕೆ ಕಾರ್ಖಾನೆಯ ಭೋಂಗಾ ಕೂಗಿತೆಂದರೆ ಮುಗಿಯಿತು. ಪಾಳಿ ಬಿಡುವ ಆ ಸದ್ದಿಗೆ ಅವನು ಚಾಪೆಯಿಂದ ನೆಗೆದೆದ್ದು ಎದುರು ಸಿಕ್ಕವರ ಕುತ್ತಿಗೆಗೆ ಕೈ ಹಾಕುತ್ತಿದ್ದ. ಬಾಗಿಲು ಒಡೆದ, ಗ್ಯಾಸಿನ ಒಲೆ ಬೀದಿಗೆ ಎಸೆದ. ಓಣಿಯವರು ಮೂರೂವರೆಗೇ ಮಕ್ಕಳನ್ನು ಒಳಗೆ ಕರೆದುಕೊಂಡು ಚಿಲಕ ಹಾಕುತ್ತಿದ್ದರು.

ನನಗೆ ಆಗ ಒಂದು ಬುದ್ಧಿ ಹೊಳೆಯಿತು. ಕೆಟ್ಟ ಮೇಲೆ ಬಂದ ಬುದ್ಧಿ. ಇವನ ತಲೆಯೊಳಗೆ ಆ ಕುಸ್ತಿ ಇನ್ನೂ ಮುಗಿದಿಲ್ಲ, ಗೆದ್ದೆ ಎಂದು ಅನಿಸಿದರೆ ಶಾಂತನಾಗುತ್ತಾನೆ ಎಂದುಕೊಂಡೆ. ಒಂದು ದಿನ ಭೋಂಗಾ ಕೂಗಿದಾಗ ಅವನೆದುರು ನಾನೇ ಬೆನ್ನ ಮೇಲೆ ಮಲಗಿ, "ಗೆದ್ದಿ ಸಿದ್ಯಾ, ಗೆದ್ದಿ!" ಎಂದೆ. ಅವನು ನನ್ನ ಎದೆಯ ಮೇಲೆ ಕೂತು ಗಂಟಲು ಹಿಸುಕಿದ. ಕಣ್ಣು ಕತ್ತಲಾಗಿ, ನಾಲಿಗೆ ಹೊರಗೆ ಬಂದು, ಇದು ನನಗೆ ತಕ್ಕದ್ದೇ ಎಂದು ಒಂದು ಕ್ಷಣ ಅನಿಸಿತು. ರಾಜಶ್ರೀ ಹಿಂದಿನಿಂದ ಬಂದು ಅವನ ಕಂಕುಳಲ್ಲಿ ತೋಳು ತೂರಿಸಿ ಎತ್ತಿದಳು.

"ಅವಗ ಗೆಲುವು ಬೇಕಾಗಿಲ್ರಿ ವಸ್ತಾದ," ಎಂದಳು ಏದುಸಿರಿನಲ್ಲಿ. "ಅವಗ ಎದುರಿಗೆ ಯಾರದಾರ ಅನ್ನೂದ ಗೊತ್ತಿಲ್ಲ. ಗೊತ್ತಾಗೂ ತನಕ ಹಿಡಕೊಂಡಿರಬೇಕು, ಅಷ್ಟ."

ಅಂದಿನಿಂದ ದಿನವೂ ನಾಲ್ಕಕ್ಕೆ ಅವಳು ಅದನ್ನೇ ಮಾಡಿದಳು. ಸೀರೆ ಬಿಟ್ಟು ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಗಾದಿಯ ಮೇಲೆ ಅವನ ಹಿಂದೆ ಕೂತಿರುತ್ತಿದ್ದಳು. ಅವನು ಏಳುವಷ್ಟರಲ್ಲಿ ಎದೆಯ ಸುತ್ತ ತೋಳು ಕಟ್ಟಿ ಬೀಗ ಹಾಕುತ್ತಿದ್ದಳು. ತನ್ನ ತಲೆಯನ್ನು ಅವನ ಎಡಗಡೆ ಇಡುತ್ತಿದ್ದಳು, ಎಲುಬಿಲ್ಲದ ಆ ಜಾಗ ಗೋಡೆಗೆ ಬಡಿಯದಂತೆ. ಅವನು ಮೊಣಕೈಯಿಂದ ಪಕ್ಕೆಲುಬಿಗೆ ಗುದ್ದುತ್ತಿದ್ದ, ಹಿಮ್ಮಡಿಯಿಂದ ಮೊಣಕಾಲಿಗೆ ಒದೆಯುತ್ತಿದ್ದ. ಅವಳು ಒಂದು ಸಲವೂ ತಿರುಗಿ ಹೊಡೆಯಲಿಲ್ಲ, ಒಂದು ಸಲವೂ ಬಿಡಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ, ಅವನ ಉಸಿರು ಇಳಿಯುವವರೆಗೆ. ಅವಳ ಮೈ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ನಾನು ಎಷ್ಟೋ ಪೈಲ್ವಾನರನ್ನು ತಯಾರು ಮಾಡಿದ್ದೇನೆ. ಅಂಥ ಹಿಡಿತ ಯಾರಲ್ಲೂ ಕಂಡಿಲ್ಲ.

ಹೊಳೆವ್ವನಿಗೆ ಅದನ್ನು ನೋಡಲು ಆಗಲಿಲ್ಲ. "ನನ್ನ ಮಗ ಕಚ್ಚೂ ನಾಯಿ ಆಗ್ಯಾನ," ಎಂದಳು. "ಒಂದಿನ ಇಕೀನ್ನ ಕೊಲ್ತಾನ, ಆಮ್ಯಾಲ ಜೈಲಿನ್ಯಾಗ ಸಾಯ್ತಾನ. ಹಳ್ಳಿಗೆ ಒಯ್ತೇನಿ. ದನದ ಕೊಟ್ಟಿಗ್ಯಾಗ ಕಂಬಕ್ಕ ಕಟ್ಟಿ ಅನ್ನ ಹಾಕ್ತೇನಿ. ಹಡದಾಕಿ ನಾನು."

ರಾಜಶ್ರೀ ಅತ್ತೆಯ ಕಾಲು ಹಿಡಿಯಲಿಲ್ಲ, ಜಗಳವನ್ನೂ ಮಾಡಲಿಲ್ಲ. "ಶ್ರಾವಣದ ಕಡೀ ಸೋಮವಾರದ ತನಕ ಕೊಡ್ರಿ ಅತ್ತಿ," ಎಂದಳು. "ಅಷ್ಟರಾಗ ನನ್ನ ಗುರ್ತ ಹಿಡೀಲಿಲ್ಲಂದ್ರ ನಾನ ಗಾಡಿ ಹತ್ತಿಸಿ ಕೊಡ್ತೇನಿ." ಆಡಿದ ಮಾತಿಗೆ ತಪ್ಪುವವಳಲ್ಲ ಎಂದು ಹೊಳೆವ್ವನಿಗೆ ಗೊತ್ತಿತ್ತು. ಕಂಬಕ್ಕೆ ಕಟ್ಟಿಸಿಕೊಂಡವನು ಮತ್ತೆ ಮನುಷ್ಯನಾಗಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಶ್ರಾವಣದ ಹೊತ್ತಿಗೆ ವೈದ್ಯರು ಹೊಟ್ಟೆಯಲ್ಲಿಟ್ಟ ಎಲುಬನ್ನು ಮರಳಿ ತಲೆಗೆ ಕೂಡಿಸಿದ್ದರು, ಗಾಯ ಮಾಗಿತ್ತು. ಸಿಟ್ಟು ಇಳಿಯಲಿಲ್ಲ. ಶ್ರಾವಣದ ಕೊನೆಯ ಸೋಮವಾರ ಮೂರೂಮುಕ್ಕಾಲಿಗೆ ಹೊಳೆವ್ವ ಹಳ್ಳಿಯಿಂದ ಟೆಂಪೋ ತಂದಳು. ಕೈಯಲ್ಲಿ ಹೊಸ ನೈಲಾನ್ ಹಗ್ಗ. ರಾಜಶ್ರೀ ಗಂಡನ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಬಾಗಿಲಲ್ಲಿ ಇಟ್ಟಿದ್ದಳು. ಅಳುತ್ತಿರಲಿಲ್ಲ. ಅದನ್ನು ನೋಡಲು ನನಗೇ ಆಗುತ್ತಿರಲಿಲ್ಲ.

ಮಾತಿನಲ್ಲಿ ಎಲ್ಲರೂ ಗಡಿಯಾರ ಮರೆತೆವು. ಭೋಂಗಾ ಕೂಗಿತು. ಸಿದ್ದಲಿಂಗ ಒಂದೇ ನೆಗೆತಕ್ಕೆ ತಾಯಿಯ ಕೂದಲು ಹಿಡಿದು ಗೋಡೆಗೆ ನೂಕಿದ. ಹೊಳೆವ್ವನ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಮತ್ತೊಮ್ಮೆ ಬಡಿಯಲು ಎಳೆದಾಗ ರಾಜಶ್ರೀ ಅವನ ನಡುವಿಗೆ ನುಗ್ಗಿದಳು. ಹಿಂದೆ ಬರಲು ಸಮಯವಿರಲಿಲ್ಲ. ಮೊದಲ ಸಲ ಎದುರಿನಿಂದ ಹಿಡಿದಳು. ತಲೆಯ ಹಿಂದೆ ತನ್ನ ಅಂಗೈ ಕೊಟ್ಟು, ಎತ್ತಿ, ಗಾದಿಯ ಮೇಲೆ ಕೆಡವಿ ಮೇಲೆ ಬಿದ್ದಳು.

ಅವನ ಮೈ ಕಮಾನಿನಂತೆ ಮೇಲೆದ್ದಿತು.

"ಯಪ್ಪಾ, ಫಿಟ್ಸ್ ಬಂತು! ಸತ್ತ ನನ್ನ ಮಗ!" ಎಂದು ಹೊಳೆವ್ವ ಚೀರಿದಳು. ಅದೇ ಕಮಾನು, ಅದೇ ಎತ್ತರ. ಗಂಡನ ಮುಖಕ್ಕೆ ಮುಖ ಕೊಟ್ಟು ಬಿದ್ದಿದ್ದ ರಾಜಶ್ರೀಗೆ ಹಿಂದಿನದು ಕಾಣುವಂತಿರಲಿಲ್ಲ. "ವಸ್ತಾದ!" ಎಂದು ಕೂಗಿದಳು. "ಅಂಗಾಲು! ಅಂಗಾಲು ನೋಡಿ ಹೇಳ್ರಿ!"

ನೋಡಿದೆ. ಈ ಸಲ ಮೊದಲು ಅದನ್ನೇ ನೋಡಿದೆ. ಎರಡೂ ಅಂಗಾಲು ನೆಲಕ್ಕೆ ಒತ್ತಿ ಕೂತಿದ್ದವು. ಹೆಬ್ಬೆರಳು ನೆಲಕ್ಕೆ ಹಾಸಿದ ಫರಸಿ ಕಲ್ಲನ್ನು ಅಗೆಯುತ್ತಿತ್ತು, ಮೀನಖಂಡ ಬಿಗಿದು ನಡುಗುತ್ತಿತ್ತು.

"ಬ್ರಿಜ್!" ಎಂದೆ. "ಬ್ರಿಜ್ ಐತವ್ವಾ, ಖರೇನ ಬ್ರಿಜ್!"

ಆಗ ಅವಳ ಕೆಳಗಿನಿಂದ ಸಣ್ಣ, ತುಕ್ಕು ಹಿಡಿದ ಸ್ವರವೊಂದು ಬಂತು. ನಾಲ್ಕೂವರೆ ತಿಂಗಳಿಂದ ಕೇಳದ ಸ್ವರ. "ರಾಜೀ... ಬೆನ್ನು ನೆಲಕ್ಕ ಮುಟ್ಟಿಲ್ಲ. ವಸ್ತಾದಗ ಕೇಳ."

ನಾನು ಮೊಣಕಾಲೂರಿ ಫರಸಿಗೆ ಕೆನ್ನೆ ಹಚ್ಚಿದೆ. ಬೆನ್ನಿನ ಕೆಳಗೆ ಬೆಳಕು ಕಂಡಿತು. "ಮುಟ್ಟಿಲ್ಲ," ಎಂದೆ. "ಕುಸ್ತಿ ಚಾಲೂ ಐತಿ."

ರಾಜಶ್ರೀ ಅಷ್ಟು ದಿನದ ಅಳುವನ್ನೆಲ್ಲ ಅಲ್ಲೇ ಅತ್ತಳು. ಅಳುತ್ತಲೇ ಅವನ ಒಂದು ಕಾಲು ಸೆಳೆದಳು. ಬಿಟ್ಟುಕೊಡುವ ಜಾತಿಯವಳಲ್ಲ ಅವಳು. ಅವನ ಎರಡೂ ಹೆಗಲು ಗಾದಿಗೆ ತಾಗಿದವು. ನಾನು ನೆಲ ತಟ್ಟಿ ಅವಳ ಕೈ ಮೇಲೆತ್ತಿದೆ. ಕೆಳಗೆ ಬಿದ್ದವನು ಮುರಿದ ಹಲ್ಲಿನ ಅವಳ ಬಾಯಿಯನ್ನೇ ನೋಡುತ್ತಿದ್ದ.

ಅಂದೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಭೋಂಗಾದ ಸಿಟ್ಟು ದೀಪಾವಳಿವರೆಗೆ ಇತ್ತು. ಬಲಗೈ ಇವತ್ತಿಗೂ ಸೋತಿದೆ, ದಿಮ್ಮಿ ಎತ್ತಲಾರ, ಹೆಸರು ಮರೆಯುತ್ತಾನೆ. ಗರಡಿಯಲ್ಲಿ ಈಗ ಕಲಿಸುವವಳು ರಾಜಶ್ರೀ; ಹೊಸ್ತಿಲಾಚೆ ಹಾಲು ಹಿಡಿದು ನಿಲ್ಲುವವನು ನಾನು. ಮಾರುತಿ ಏನೂ ಅಂದಿಲ್ಲ.

ಆದರೆ ಆ ದಿನದ ಇನ್ನೊಂದು ಮಾತು ಉಳಿದಿದೆ. ಸಿದ್ದಲಿಂಗ ನಿಧಾನವಾಗಿ ಕತ್ತು ಹೊರಳಿಸಿ ಗೋಡೆಗೆ ಒರಗಿದ್ದ ತಾಯಿಯನ್ನು ನೋಡಿದ, ಒಡೆದ ತುಟಿಯನ್ನು ನೋಡಿದ, ಕೈಯಲ್ಲಿದ್ದುದನ್ನು ನೋಡಿದ.

"ಅವ್ವಾ, ಹಗ್ಗ ಯಾಕ ತಂದೀ?" ಎಂದು ಕೇಳಿದ.

ಹೊಳೆವ್ವ ಸೆರಗಿನಿಂದ ರಕ್ತ ಒರೆಸಿಕೊಂಡಳು. "ಅರಿವಿ ಒಣಗಸಾಕಪ್ಪಾ," ಎಂದಳು.

ಎದ್ದುಹೋಗಿ, ಆ ಹಗ್ಗವನ್ನು ಅಂಗಳದ ಎರಡು ಕಂಬಗಳಿಗೆ ಕಟ್ಟಿ, ಚೀಲದಲ್ಲಿ ತುಂಬಿಟ್ಟಿದ್ದ ಮಗನ ಅಂಗಿಗಳನ್ನು ಒಂದೊಂದಾಗಿ ತೆಗೆದು, ಒಣಗಿದವುಗಳನ್ನೇ ಮತ್ತೆ ಹರವಿದಳು.